ಷರಾ: ಇಲ್ಲ

ಫೆಬ್ರವರಿ 28, ಶುಕ್ರವಾರ

ಇದನ್ನು ಬರೆಯದೇ ಬಿಡುವುದರಲ್ಲಿದ್ದೆ. ಅಷ್ಟು ಚಿಕ್ಕ ವಿಷಯ. ಇವತ್ತು ಬೆಳಿಗ್ಗೆ ಹಂದಿಕೋಣೆಯಲ್ಲಿ ಒಂದು ಮಾತು ಕೇಳಿ ನಕ್ಕೆ, ನಕ್ಕವಳೇ ಹಾಳೆಯ ಮೇಲೆ ಸೊನ್ನೆ ಬರೆದೆ.

ಮಾತು ಹೇಳಿದವಳು ಬಕೆಟಕ್ಕ. ಹಂದಿಗಳನ್ನು ನೋಡಿಕೊಳ್ಳುವ ಹೆಂಗಸು, ಐವತ್ತೈದರ ಮೇಲಿರಬೇಕು. ಅವಳು ಬಕೆಟ್ಟಿನ ಹಿಡಿಯನ್ನು ಎರಡು ಸಲ ಕುಟ್ಟಿದರೆ ಮರಿಗಳೆಲ್ಲ ಓಡಿಬಂದು ಬೇಲಿಗೆ ಮೂತಿ ಒತ್ತಿ ನಿಲ್ಲುತ್ತವೆ. ಅದಕ್ಕೇ ಆ ಹೆಸರು.

“ಡಾಕ್ಟ್ರಮ್ಮ, ಹನ್ನೊಂದನೇದು ಮುನಿಸ್ಕೊಂಡಿದೆ.”

“ಯಾರ ಮೇಲೆ?”

“ನನ್ನ ಹತ್ರ ಹೇಳ್ಕೊಳ್ಳುತ್ತಾ? ನೀವು ಡಾಕ್ಟ್ರು, ನೀವೇ ಕೇಳಿ.”

ಹನ್ನೊಂದನೇ ಮರಿ ಮೂಲೆಯಲ್ಲಿ ಗೋಡೆಗೆ ಮೂತಿ ತಾಗಿಸಿ, ನಮಗೆ ಬೆನ್ನು ಮಾಡಿ ನಿಂತಿತ್ತು. ಬೆರಳಿನಿಂದ ತಿವಿದೆ. ತಕ್ಷಣ ನಾಲ್ಕು ಹೆಜ್ಜೆ ನಡೆಯಿತು. ಜ್ವರ ನೋಡಿದೆ, ಮೂವತ್ತೊಂಬತ್ತೂವರೆ. ಹಂದಿಗೆ ಅದು ಸಹಜ. ಉಸಿರು ಸರಿ. ಮೇವು ಕೊನೆಗೆ ತಿಂದಿತು, ಆದರೆ ತಿಂದಿತು. ನಮ್ಮ ಹಾಳೆಯಲ್ಲಿ ‘ಚಟುವಟಿಕೆ’ ಅನ್ನುವ ಕಾಲಂ ಇದೆ. ಮುಟ್ಟಿದರೆ ಎದ್ದು ನಡೆದರೆ ಸೊನ್ನೆ, ನಿಧಾನಕ್ಕೆ ಎದ್ದರೆ ಒಂದು, ಏಳದಿದ್ದರೆ ಎರಡು. ಮುನಿಸಿಗೆ ಅಂಕಿ ಇಲ್ಲ. ಸೊನ್ನೆ ಬರೆದೆ.

ಹಾಳೆಯ ಕೊನೆಯ ಕಾಲಂ ಷರಾ. ಅದನ್ನು ಖಾಲಿ ಬಿಡುವಂತಿಲ್ಲ. ಹೇಳುವುದೇನೂ ಇರದಿದ್ದರೆ ‘ಇಲ್ಲ’ ಎಂದು ಬರೆದು, ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದು, ಸಹಿ ಮಾಡಬೇಕು. ಅಡ್ಡಗೆರೆ ಬಿದ್ದ ಮೇಲೆ ಒಂದು ಅಕ್ಷರವನ್ನೂ ಸೇರಿಸುವಂತಿಲ್ಲ. “ಖಾಲಿ ಬಿಟ್ಟರೆ ಆಮೇಲೆ ಯಾರಾದ್ರೂ ಕೂತ್ಕೊಂಡು ಕಥೆ ಬರೀತಾರೆ” ಎನ್ನುವುದು ನಮ್ಮ ನಿರ್ದೇಶಕರ ವಿವರಣೆ.

ನಾನು ‘ಇಲ್ಲ’ ಎಂದು ಬರೆದೆ. ಗೆರೆ ಎಳೆದೆ. ಗೆರೆ ತುಂಬಾ ನೇರವಾಗಿ ಬಂತು.

ಮಾರ್ಚ್ 2, ಭಾನುವಾರ

ಅತ್ತೆ ಇವತ್ತು ನನ್ನ ಕೂದಲನ್ನು ಮುಟ್ಟಿ ನೋಡಿ, “ಇದು ಒಣಗಿದ್ದನ್ನ ನಾನು ನೋಡೇ ಇಲ್ಲ” ಅಂದರು. ಅವರ ತಪ್ಪಲ್ಲ. ಪ್ರಾಣಿಗಳ ಕಟ್ಟಡಕ್ಕೆ ಹೋಗುವಾಗ ಒಂದು ತಲೆಸ್ನಾನ, ಬರುವಾಗ ಇನ್ನೊಂದು. ಉಂಗುರ, ಓಲೆ, ಹೇರ್‌ಪಿನ್ನು, ಸ್ವಂತ ಪೆನ್ನು ಯಾವುದೂ ಒಳಗೆ ಹೋಗುವುದಿಲ್ಲ. ರೋಗಾಣು ಹೊರಗೆ ಬರಬಾರದು. ಬರೆದ ಹಾಳೆಯೂ ಹೊರಗೆ ಬರುವುದಿಲ್ಲ, ಸ್ಕ್ಯಾನರಿನಿಂದ ಅದರ ಚಿತ್ರವಷ್ಟೇ ಬರುತ್ತದೆ.

“ಅಲ್ಲ, ಅಷ್ಟು ಸ್ನಾನ ಮಾಡಿ ಅಲ್ಲಿ ಮಾಡೋ ಕೆಲಸ ಏನು? ಒಂದು ಸಲ ನನಗೂ ಅರ್ಥ ಆಗೋ ಹಾಗೆ ಹೇಳು.”

ಹೇಳಿದೆ. ಹಂದಿಮರಿಗಳಿಗೆ ಕೆಮ್ಮುಜ್ವರ ತರುವ ಒಂದು ವೈರಸ್ ಇದೆ. ಅದರ ಹಲ್ಲು ಕಿತ್ತು, ಜೀವ ಉಳಿಸಿ, ಅದನ್ನೇ ಲಸಿಕೆ ಮಾಡಿದ್ದಾರೆ. ಬದುಕಿರುತ್ತದೆ, ಕಚ್ಚಲಾರದು. ಆದರೆ ಬದುಕಿರುವುದು ಬದಲಾಗಬಹುದಲ್ಲ? ಆದ್ದರಿಂದ ಮೊದಲ ಗುಂಪಿನ ಮರಿಗಳ ಮೂಗಿಗೆ ಲಸಿಕೆ ಹಾಕಿ, ವಾರದ ಮೇಲೆ ಅವುಗಳ ಮೂಗಿನ ದ್ರವ ತೆಗೆದು ಎರಡನೇ ಗುಂಪಿಗೆ, ಅಲ್ಲಿಂದ ಮೂರನೆಯದಕ್ಕೆ, ಹೀಗೆ ಐದು ಸುತ್ತು ದಾಟಿಸುತ್ತೇವೆ. ಐದು ಮನೆ ಸುತ್ತಿ ಬಂದ ಮೇಲೂ ಹಲ್ಲು ಮೂಡಿಲ್ಲ ಅಂತಾದರೆ ಲಸಿಕೆ ಪಾಸು. ಅದನ್ನು ನೋಡಿ ಸಹಿ ಹಾಕುವವಳು ನಾನು.

ಅತ್ತೆ ತಮ್ಮ ಹೊಸ ಹಲ್ಲುಸೆಟ್ಟನ್ನು ತೋರಿಸಿ, “ನಂದೂ ಅದೇ ಕಥೆ. ಬದುಕಿದೀನಿ, ಕಚ್ಚೋಕಾಗಲ್ಲ” ಅಂದರು. ಇವರು ಪೇಪರಿನ ಹಿಂದೆ ನಕ್ಕ ಸದ್ದು ಕೇಳಿಸಿತು. ಅಮ್ಮ ಮತ್ತು ಹೆಂಡತಿ ಮಾತಾಡುವಾಗ ಪೇಪರು ಕೆಳಗಿಡದಿರುವುದು ಇವರ ಇಪ್ಪತ್ತು ವರ್ಷದ ರಾಜನೀತಿ.

ಸಂಜೆ ಅತ್ತೆ, “ಯಾಕೋ ಒಂಥರಾ ಇದೆ ಕಣೇ” ಅಂದರು. ಜ್ವರ ನೋಡಿದೆ, ಇಲ್ಲ. ಬಿಪಿ ನೋಡಿದೆ, ಸರಿಯಾಗಿದೆ. “ಏನೂ ಇಲ್ಲ ಅತ್ತೆ” ಎಂದು ಹೇಳಿ ಬಟ್ಟೆ ಮಡಿಸಲು ಹೋದೆ.

ಮಾರ್ಚ್ 7, ಶುಕ್ರವಾರ

ನಾಲ್ಕನೇ ಸುತ್ತಿನ ಐದನೇ ದಿನ. ಬಕೆಟಕ್ಕ ಬಾಗಿಲಲ್ಲೇ ಹಿಡಿದಳು.

“ಇವತ್ತು ಎರಡು ಮುನಿಸ್ಕೊಂಡಿವೆ. ಹದಿಮೂರು, ಹದಿನಾರು.”

“ನೀನು ಬೈದಿರ್ತೀಯ.”

“ನಾನು ಮನೇಲಿ ಬೈದು ಮುಗಿಸಿಯೇ ಕೆಲಸಕ್ಕೆ ಬರೋದು, ಡಾಕ್ಟ್ರಮ್ಮ. ಇಲ್ಲಿಗೆ ಉಳಿಯಲ್ಲ.”

ನಕ್ಕೆವು. ಎರಡನ್ನೂ ಮುಟ್ಟಿದೆ, ಎದ್ದು ನಡೆದವು. ಸೊನ್ನೆ, ಸೊನ್ನೆ. ಷರಾ: ಇಲ್ಲ. ಸ್ನಾನದ ಮನೆಯಲ್ಲಿ ಎರಡನೇ ಸಲ ತಲೆಗೆ ನೀರು ಬೀಳುವಾಗ, ಮುನಿಸಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಯೋಚಿಸಿದೆ. ನಮ್ಮ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿವೆ. ನಾನು ಓದಿದ್ದೂ ಇಂಗ್ಲಿಷಿನಲ್ಲೇ, ನರ್ಸರಿಯಿಂದ. ಸಲ್ಕ್ ಅನ್ನಬಹುದು. ‘ಸಲ್ಕಿಂಗ್ ಪಿಗ್ಲೆಟ್’ ಎಂದು ಸರ್ಕಾರಿ ಹಾಳೆಯ ಮೇಲೆ ಬರೆದಂತೆ ಊಹಿಸಿಕೊಂಡು, ಸೋಪು ಬಾಯಿಗೆ ಹೋಗುವಷ್ಟು ನಕ್ಕೆ.

ಮಾರ್ಚ್ 10, ಸೋಮವಾರ

ಕೊನೆಯ ಸುತ್ತು ಶುರು. ಈ ಸಲ ಎಂಟು ಮರಿ. ಇವು ಇಪ್ಪತ್ತೊಂದು ದಿನ ಇರಬೇಕು. ಎಂಟೂ ಸೇರಿ ನನ್ನ ಬೂಟಿನ ಲೇಸನ್ನು ತಿಂದವು.

ಮಾರ್ಚ್ 18, ಮಂಗಳವಾರ

ಎಂಟರಲ್ಲಿ ಐದು.

ಇವತ್ತು ಬಕೆಟಕ್ಕ ಹೇಳಲಿಲ್ಲ, ನಾನೇ ಕಂಡೆ. ಹಿಡಿ ಕುಟ್ಟಿದಾಗ ಬೇಲಿಗೆ ಮೂರೇ ಮರಿ ಓಡಿಬಂದವು. ಉಳಿದ ಐದು ಗೋಡೆಯ ಉದ್ದಕ್ಕೆ ಸಾಲಾಗಿ, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಮಕ್ಕಳಂತೆ, ಬೆನ್ನು ಮಾಡಿ ನಿಂತಿದ್ದವು.

“ನಿನ್ನೆಯಿಂದ ಹೀಗೇ. ನಿನ್ನೆ ನೀವು ಮೀಟಿಂಗು ಅಂತ ಬರಲಿಲ್ಲ, ನಿಮ್ಮ ಬದಲಿಗೆ ಬಂದ ಆಯಪ್ಪ ಜ್ವರ ನೋಡ್ದ, ಬರ್ದ, ಹೋದ” ಎಂದಳು.

“ಆ ಕಡೆ ಕೋಣೆಯಲ್ಲಿ?”

ಆ ಕಡೆ ಕೋಣೆಯಲ್ಲಿ ವೈರಸ್ ಮುಟ್ಟಿಸದ ನಾಲ್ಕು ಮರಿಗಳಿವೆ, ಹೋಲಿಸಿ ನೋಡಲು. ಯಾವ ಕೋಣೆಯಲ್ಲಿ ಏನಿದೆ ಎಂದು ಬಕೆಟಕ್ಕನಿಗೆ ಹೇಳಿಲ್ಲ. ಹಸಿರು ಬಾಗಿಲು, ನೀಲಿ ಬಾಗಿಲು ಅಂತಷ್ಟೇ ಗೊತ್ತು.

“ನೀಲಿ ಬಾಗಿಲಲ್ಲಾ? ಅಲ್ಲಿ ಎಲ್ಲಾ ಪುಂಡರೇ. ಒಂದು ದಿನ ಒಂದು ಮರಿ ಮೇವಿನ ತೊಟ್ಟೀಲಿ ಬಿದ್ದು ಮುನಿಸ್ಕೊಂಡಿತ್ತು, ಅದೂ ನನ್ನ ಮೇಲೆ, ನಾನು ನಕ್ಕಿದ್ದಕ್ಕೆ. ಇಲ್ಲಿಯ ಥರಾ ಅಲ್ಲ.”

ಜ್ವರ ಐದಕ್ಕೂ ಮೂವತ್ತೊಂಬತ್ತು ಪಾಯಿಂಟ್ ಎಂಟರಿಂದ ನಲವತ್ತರವರೆಗೆ. ನಲವತ್ತೂವರೆ ದಾಟಿದರೆ ಮಾತ್ರ ಲೆಕ್ಕಕ್ಕೆ. ಕೆಮ್ಮಿಲ್ಲ. ಐದನ್ನೂ ಮುಟ್ಟಿದೆ, ಐದೂ ನಡೆದವು. ಸೊನ್ನೆ ಐದು ಸಲ.

ಷರಾದ ಮುಂದೆ ಪೆನ್ನು ಹಿಡಿದು ಎಷ್ಟು ಹೊತ್ತು ನಿಂತೆನೋ. ಇವತ್ತು ಬರೆದರೆ, ನಾಲ್ಕನೇ ಸುತ್ತಿನಲ್ಲಿ ಯಾಕೆ ಬರೆಯಲಿಲ್ಲ ಅನ್ನುತ್ತಾರೆ. ನಾಲ್ಕರದು ಹೇಳಿದರೆ ಮೂರರದು. ಅಡ್ಡಗೆರೆಗಳು ಎಷ್ಟು ಚೆನ್ನಾಗಿ ಬಿದ್ದಿವೆ ಎಂದರೆ, ಅವುಗಳ ಹಿಂದೆ ಏನೂ ಇರಲಿಲ್ಲ ಎಂದು ನನಗೇ ನಂಬಿಕೆ ಬರುವಂತಿದೆ.

‘ಇಲ್ಲ’ ಎಂದು ಬರೆದೆ. ಹಾಗೆ ಬರೆದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ, ಅಷ್ಟೇ ನನ್ನ ಧೈರ್ಯ.

ಮಾರ್ಚ್ 31, ಸೋಮವಾರ

ಇಪ್ಪತ್ತೊಂದು ದಿನ ಮುಗಿದವು. ಐದೂ ನಾಲ್ಕು ದಿನ ಮುನಿಸಿಕೊಂಡು ಆಮೇಲೆ ರಾಜಿಯಾದವು. ಹಾಳೆಯ ಪ್ರಕಾರ ಎಲ್ಲ ಆರೋಗ್ಯ. ನಿರ್ದೇಶಕರು ಕಾರಿಡಾರಿನಲ್ಲಿ ನಿಲ್ಲಿಸಿ, “ಇಷ್ಟು ಸ್ವಚ್ಛ ದಾಖಲೆ ನೋಡಿ ಎಷ್ಟು ದಿನ ಆಯ್ತು” ಅಂದರು. ಅವರಿಗೆ ಎಲ್ಲರೂ ಇಟ್ಟಿರುವ ಹೆಸರು ಹಸಿರು ಪೆನ್ನು. ಹಸಿರು ಶಾಯಿಯಲ್ಲೇ ತಿದ್ದುತ್ತಾರೆ. ಮದುವೆಯ ಆಮಂತ್ರಣ ಕೊಟ್ಟರೂ ತಿದ್ದಿ ವಾಪಸು ಕೊಟ್ಟಾರು.

ಪರೀಕ್ಷೆಗೆ ಬಂದ ಮರಿಗಳು ಜೀವಂತ ಹೊರಗೆ ಹೋಗುವುದಿಲ್ಲ. ಇವತ್ತು ಆ ಕೆಲಸವೂ ಆಯಿತು. ಬಕೆಟಕ್ಕ ಬೆಳಿಗ್ಗೆ ಎಲ್ಲಕ್ಕೂ ಹೊಟ್ಟೆ ತುಂಬ ಮೇವು ಹಾಕಿ ಹಿಡಿ ಕುಟ್ಟದೆ ಹೊರಗೆ ಬಂದರು. “ಅಳ್ತಿದೀರಾ?” ಎಂದು ಕೇಳಿದೆ. “ಸೋಪು” ಅಂದರು. ಸ್ವಲ್ಪ ಹೊತ್ತಿಗೆ, “ಏನಿವತ್ತು ನನಗೆ ಮರ್ಯಾದೆ ಜಾಸ್ತಿ?” ಅಂದರು. ಯಾಕೆ ಹಾಗಂದರೋ ತಿಳಿಯಲಿಲ್ಲ.

ಏಪ್ರಿಲ್ 7, ಸೋಮವಾರ

ಜೀನ್ ಓದುವ ವಿಭಾಗದಲ್ಲಿ ಒಬ್ಬ ಸಹೋದ್ಯೋಗಿ ಇದ್ದಾರೆ, ನಾವು ಪ್ರೂಫ್ ರೀಡರ್ ಎನ್ನುತ್ತೇವೆ. ವೈರಸ್ಸಿನ ಜೀನನ್ನು ಅಕ್ಷರ ಅಕ್ಷರವಾಗಿ ಓದಿ, ಲಸಿಕೆಯ ಮೂಲ ಪ್ರತಿಯ ಜೊತೆ ಹೋಲಿಸುವುದು ಅವರ ಕೆಲಸ. ನಮ್ಮ ಲಸಿಕೆಯಲ್ಲಿ ಮೂರು ಅಕ್ಷರ ಬದಲಾಗಿವೆ. ಆ ಮೂರರಿಂದಲೇ ವೈರಸ್ಸಿನ ಹಲ್ಲು ಹೋಗಿರುವುದು.

ಐದನೇ ಸುತ್ತಿನ ಫಲಿತಾಂಶ ಇವತ್ತು ಬಂತು. ಪ್ರೂಫ್ ರೀಡರ್ ಕುರ್ಚಿ ಎಳೆದುಕೊಂಡು ಕೂತರು. ಅವರು ಕುರ್ಚಿ ಎಳೆದುಕೊಂಡರೆ ಒಳ್ಳೆಯ ಸುದ್ದಿ ಇರುವುದಿಲ್ಲ.

“ಮೇಡಂ, ಒಂದನೇ ಅಕ್ಷರ ಸರಿ, ಮೂರನೇದು ಸರಿ. ಎರಡನೇದು ಮಾತ್ರ ಎರಡು ನಾಲಿಗೆ ಮಾತಾಡ್ತಿದೆ.”

“ಅಂದ್ರೆ?”

“ನೂರು ಪ್ರತಿ ಓದಿದ್ರೆ ಅರವತ್ತೆರಡರಲ್ಲಿ ಲಸಿಕೆಯ ಅಕ್ಷರ. ಮೂವತ್ತೆಂಟರಲ್ಲಿ ಹಳೇ ಅಕ್ಷರ. ಕಾಡು ವೈರಸ್ಸಿಂದು, ಹಲ್ಲು ಕೀಳೋಕೆ ಮುಂಚಿನದು.”

“ಮೊದಲೆರಡು ಸುತ್ತಲ್ಲಿ?”

“ಸೊನ್ನೆ. ಮೂರರಲ್ಲಿ ಆರು. ನಾಲ್ಕರಲ್ಲಿ ಹತ್ತೊಂಬತ್ತು.”

ಸೊನ್ನೆ, ಆರು, ಹತ್ತೊಂಬತ್ತು, ಮೂವತ್ತೆಂಟು. ನನ್ನ ತಲೆಯಲ್ಲಿ ಅದರ ಪಕ್ಕಕ್ಕೇ ಇನ್ನೊಂದು ಸಾಲು ತಾನಾಗಿ ಬಂದು ನಿಂತಿತು: ಇಲ್ಲ, ಒಂದು, ಎರಡು, ಐದು.

ಹಸಿರು ಪೆನ್ನಿನ ಹತ್ತಿರ ಹೋದೆವು. ಅವರು ಶಾಂತವಾಗಿ ಕೇಳಿ, “ನಮೂನೆಯಲ್ಲಿ ಏನು ಕೇಳಿದಾರೆ? ಬಹುಮತದ ಅಕ್ಷರ. ಬಹುಮತ ಯಾವುದು? ಲಸಿಕೆಯದ್ದೇ. ಮರಿಗಳಿಗೆ ಏನಾದ್ರೂ ಆಯ್ತಾ? ನಿಮ್ಮ ಹಾಳೇಲಿ ಎಲ್ಲಾ ಸೊನ್ನೆ, ಷರಾ ಇಲ್ಲ. ಮತ್ತೇನು ತೊಂದ್ರೆ?” ಅಂದರು.

ಅವರು ಕೆಟ್ಟವರಲ್ಲ. ನಾನು ಬರೆದದ್ದನ್ನು ನಂಬಿ ಮಾತಾಡಿದರು. ಅಲ್ಲೇ ಹೇಳಬೇಕಿತ್ತು. “ಸರಿ ಸಾರ್” ಎಂದು ಎದ್ದು ಬಂದೆ. ಪ್ರೂಫ್ ರೀಡರ್ ನನ್ನನ್ನೇ ನೋಡುತ್ತಿದ್ದರು.

ಏಪ್ರಿಲ್ 8, ಮಂಗಳವಾರ

ಕ್ಯಾಮೆರಾ! ಹಲ್ಲುಜ್ಜುವಾಗ ಹೊಳೆಯಿತು. ಕೋಣೆಗಳಲ್ಲಿ ಮೂಲೆಗೊಂದು ಕ್ಯಾಮೆರಾ ಇದೆ. ದೃಶ್ಯಗಳನ್ನು ನಲವತ್ತೈದು ದಿನ ಇಟ್ಟು ಅಳಿಸುತ್ತಾರೆ. ಬೆರಳಲ್ಲಿ ಎಣಿಸಿದೆ, ಮೂರನೇ ಸುತ್ತು ಇನ್ನೂ ಇದೆ, ಎರಡೇ ದಿನ ಬಾಕಿ.

ಬಾಯಲ್ಲಿ ನೊರೆ ಇಟ್ಟುಕೊಂಡೇ ಫೋನ್ ಮಾಡಿದೆ. ಕ್ಯಾಮೆರಾ ವಿಭಾಗದವರು, “ಯಾರು ಮಾತಾಡ್ತಿರೋದು? ಸ್ವಲ್ಪ ಬಿಡಿಸಿ ಹೇಳಿ” ಅಂದರು. ಉಗುಳಿ ಹೇಳಿದೆ. ಮಧ್ಯಾಹ್ನಕ್ಕೆ ಪ್ರತಿ ಸಿಕ್ಕಿತು. ಮೊದಲ ಸುತ್ತು ಪೂರಾ ಅಳಿಸಿಹೋಗಿದೆ. ಎರಡನೆಯದರಲ್ಲಿ ಕೊನೆಯ ಎರಡು ದಿನ. ಮೂರರಿಂದ ಮುಂದೆ ಎಲ್ಲ ಇದೆ, ನೀಲಿ ಬಾಗಿಲಿನದೂ.

ಎಣಿಸಬೇಕಾದರೆ ಏನನ್ನು ಎಣಿಸುವುದು ಎಂದು ತಿಳಿಯಬೇಕಲ್ಲ. ಬಕೆಟಕ್ಕನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಟೀ ತರಿಸಿದೆ.

“ಅಕ್ಕ, ಮುನಿಸು ಅಂದ್ರೆ ಏನು?”

“ಮದುವೆ ಆಗಿ ಇಷ್ಟು ವರ್ಷ ಆಗಿದೆ, ನಿಮಗೆ ಗೊತ್ತಿಲ್ವಾ?”

“ಹಂದೀದು ಹೇಳಿ ಅಂದ್ರೆ.”

“ನಾನೂ ಹಂದೀದೇ ಹೇಳ್ತಿರೋದು. ಮುನಿಸು ಒಂದೇ ಥರಾ. ಕಾಯಿಲೆ ಬಂದದ್ದು ಮಲಗುತ್ತೆ. ಮುನಿಸ್ಕೊಂಡದ್ದು ಮಲಗಲ್ಲ, ನಿಲ್ಲುತ್ತೆ. ಗೋಡೆ ಕಡೆ ಮುಖ. ಬಾಲದ ಸುರುಳಿ ಬಿಚ್ಚಿ ನೇರ ಜೋತು ಬೀಳುತ್ತೆ. ಕಿವಿ ಹಿಂದಕ್ಕೆ. ಕರೆದ್ರೆ ಕೇಳಿಸುತ್ತೆ, ಬರಲ್ಲ. ಎಲ್ಲಾ ತಿಂದಾದ ಮೇಲೆ, ಯಾರೂ ನೋಡ್ತಿಲ್ಲ ಅಂದಾಗ ಬಂದು ತಿನ್ನುತ್ತೆ. ನೀವು ಮುಟ್ಟಿದ್ರೆ ನಡೀತಾವೆ, ಹೌದು. ಮುಟ್ಟೋದು ಬಿಟ್ಟ ಮೇಲೆ ಎಲ್ಲಿಗೆ ಹೋಗ್ತಾವೆ ಅಂತ ನೋಡಿದೀರಾ? ವಾಪಸು ಅದೇ ಗೋಡೆಗೆ.”

ನಾನು ನೋಡಿರಲಿಲ್ಲ. ಮುಟ್ಟಿದ ಮೇಲೆ ಹಾಳೆಯನ್ನು ನೋಡುತ್ತಿದ್ದೆ.

“ಇಷ್ಟೆಲ್ಲಾ ಗೊತ್ತಿದ್ರೆ ನನಗೆ ಆಗಲೇ ಯಾಕೆ ಹೇಳಲಿಲ್ಲ?”

“ಹೇಳ್ದೆನಲ್ಲಾ ಡಾಕ್ಟ್ರಮ್ಮ. ಮುನಿಸ್ಕೊಂಡಿದೆ ಅಂದೆ. ನೀವು ನಕ್ಕಿರಿ.”

ಟೀ ಆರಿತ್ತು. ಇಬ್ಬರೂ ಕುಡಿದೆವು.

ಏಪ್ರಿಲ್ 12, ಶನಿವಾರ

ಮೂರು ದಿನದಿಂದ ಕಚೇರಿಯಲ್ಲೂ ಮನೆಯಲ್ಲೂ ಹಂದಿ ಸಿನಿಮಾ. ಹದಿನಾರು ಪಟ್ಟು ವೇಗದಲ್ಲಿ ಓಡಿಸಿದರೆ ಮರಿಗಳು ಬಸ್ ಸ್ಟ್ಯಾಂಡಿನ ಜನರಂತೆ ಕಾಣುತ್ತವೆ. ಒಂದು ಕಡೆಗೆ ಎಲ್ಲ ಓಡುತ್ತವೆ, ಯಾವ ಬಸ್ಸೂ ಬರುವುದಿಲ್ಲ, ಮತ್ತೆ ಓಡುತ್ತವೆ. ಮಧ್ಯೆ ಒಂದು ಮರಿ ಅಲ್ಲಾಡದೆ ಗೋಡೆಗೆ ನಿಂತಿದ್ದರೆ ವೇಗ ಇಳಿಸಿ ನಿಮಿಷ ಬರೆದುಕೊಳ್ಳುವುದು. ಬಾಲ ಜೋತಿರಬೇಕು, ಮೂತಿ ಗೋಡೆಗಿರಬೇಕು, ಬಕೆಟ್ಟಿನ ಸದ್ದಾದ ಮೇಲೂ ಹತ್ತು ನಿಮಿಷ ಬರಬಾರದು. ಮೂರೂ ಇದ್ದರೆ ಮಾತ್ರ ಮುನಿಸು. ನಾನು ಎಣಿಸಿದ್ದನ್ನು ತೋರಿಸದೆ ಪ್ರೂಫ್ ರೀಡರ್ ಕೈಲಿ ಇನ್ನೊಮ್ಮೆ ಎಣಿಕೆ ಮಾಡಿಸಿದೆ. “ಓದಿದ್ದು ಜೀನು, ಎಣಿಸ್ತಿರೋದು ಬಾಲ” ಎಂದು ಗೊಣಗುತ್ತಾ ಎಣಿಸಿದರು. ಎರಡು ಕಡೆ ಬಿಟ್ಟರೆ ನಮ್ಮಿಬ್ಬರ ಎಣಿಕೆ ಒಂದೇ.

ಎರಡನೇ ಸುತ್ತಿನ ಸಿಕ್ಕಷ್ಟರಲ್ಲಿ ಇಲ್ಲ. ಮೂರರಲ್ಲಿ ಒಂದು ಮರಿ, ಎರಡು ದಿನ. ನಾಲ್ಕರಲ್ಲಿ ಎರಡು ಮರಿ, ಮೂರು ದಿನ. ಐದರಲ್ಲಿ ಐದು ಮರಿ, ನಾಲ್ಕು ದಿನ. ನೀಲಿ ಬಾಗಿಲಲ್ಲಿ ಒಂದೇ ಒಂದು ಸಲ, ಅರ್ಧ ಗಂಟೆ. ಅದಕ್ಕೆ ಮುಂಚೆ ಮರಿ ತೊಟ್ಟಿಯಲ್ಲಿ ಬೀಳುವುದೂ ಬಕೆಟಕ್ಕ ಹೊಟ್ಟೆ ಹಿಡಿದುಕೊಂಡು ನಗುವುದೂ ಸ್ಪಷ್ಟವಾಗಿ ಕಾಣುತ್ತದೆ.

ಒಂದು ದೃಶ್ಯದಲ್ಲಿ ನಾನೂ ಇದ್ದೇನೆ. ಫೆಬ್ರವರಿ ಇಪ್ಪತ್ತೆಂಟು. ಹನ್ನೊಂದನ್ನು ತಿವಿಯುತ್ತೇನೆ, ಅದು ನಡೆಯುತ್ತದೆ, ನಾನು ತಲೆ ತಗ್ಗಿಸಿ ಬರೆಯುತ್ತೇನೆ. ಅದು ತಿರುಗಿ ಗೋಡೆಗೆ ಹೋಗುತ್ತದೆ. ನಾನು ಗೆರೆ ಎಳೆಯುತ್ತಿರುತ್ತೇನೆ.

ಇವರು ಹಿಂದೆ ನಿಂತು ನೋಡಿ, “ಅಷ್ಟು ಹತ್ರ ಇದ್ದೀಯಲ್ಲೇ” ಅಂದರು.

ಅತ್ತೆ ಇವತ್ತು ಮತ್ತೆ “ಒಂಥರಾ” ಅಂದರು. ಥರ್ಮಾಮೀಟರ್ ಎಲ್ಲಿಟ್ಟಿದ್ದೇನೋ ನೆನಪಾಗಲಿಲ್ಲ, ಹುಡುಕಲೂ ಬೇಜಾರಾಗಿ ಪಕ್ಕದಲ್ಲೇ ಕೂತೆ. “ಯಾವ ಥರಾ ಅತ್ತೆ?” ಎಂದು ಕೇಳಿದೆ. ಹಲ್ಲುಸೆಟ್ಟಿನ ಎಡಗಡೆ ಚುಚ್ಚುತ್ತದೆಯಂತೆ. ಎರಡು ತಿಂಗಳಿಂದ. ಸೇಬು ತಿನ್ನುವುದನ್ನೇ ಬಿಟ್ಟಿದ್ದಾರೆ. “ಹೇಳಬಾರದಿತ್ತಾ?” ಅಂದರೆ, “ನೀನು ಬಿಪಿ ನೋಡಿದ್ಯಲ್ಲ, ಅದರಲ್ಲಿ ಬರುತ್ತೆ ಅಂತ ಸುಮ್ಮನಿದ್ದೆ” ಎಂದು ಕಣ್ಣು ಮಿಟುಕಿಸಿದರು. ಸೋಮವಾರ ಹಲ್ಲಿನ ಡಾಕ್ಟರ ಹತ್ತಿರ ಇವರು ಕರೆದುಕೊಂಡು ಹೋಗುತ್ತಾರೆ. ಪೇಪರು ಮನೆಯಲ್ಲೇ ಬಿಟ್ಟು ಹೋಗಬೇಕು ಎಂಬ ಷರತ್ತಿನ ಮೇಲೆ.

ಏಪ್ರಿಲ್ 14, ಸೋಮವಾರ

ಹಸಿರು ಪೆನ್ನಿಗೆ ಎಲ್ಲ ಹೇಳಿದೆ. ಜೀನಿನ ಸಾಲು, ಮುನಿಸಿನ ಸಾಲು, ನನ್ನ ಅಡ್ಡಗೆರೆಗಳು.

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

“ಮುನಿಸು ಅಂತ ವರದೀಲಿ ಬರೀತೀರಾ?”

“ವಿವರಿಸಿ ಬರೀತೀನಿ ಸಾರ್.”

“ಹಂದಿಗೆ ಮುನಿಸು ಬಂದಿತ್ತು, ಲಸಿಕೆ ನಿಲ್ಲಿಸಿ. ಸಮಿತಿಯವರು ನಗ್ತಾರೆ.”

“ನಾನೂ ನಕ್ಕೆ ಸಾರ್. ಅದೇ ತಪ್ಪಾಗಿದ್ದು.”

ಅವರು ನಗಲಿಲ್ಲ. ಆಮೇಲೆ ಒಂದೊಂದೇ ವಿಷಯ ಮುಂದಿಟ್ಟರು. ಇಪ್ಪತ್ತೆಂಟನೇ ತಾರೀಖು ಪರವಾನಗಿ ಸಮಿತಿ ಕೂರುತ್ತದೆ. ವರದಿ ಹೀಗೇ ಹೋದರೆ ಲಸಿಕೆ ಈ ವರ್ಷವೇ ಸಾಕಣೆದಾರರಿಗೆ ಸಿಗುತ್ತದೆ. ಹೊರಗೆ ಕೆಮ್ಮುಜ್ವರಕ್ಕೆ ಮರಿಗಳು ಸಾಯುತ್ತಿವೆ, ಅದು ಸುಳ್ಳಲ್ಲ. ನಾನು ಇದನ್ನೆಲ್ಲ ಸಮಿತಿಗೆ ಬರೆದರೆ ಐದನೇ ಸುತ್ತಿನ ವೈರಸ್ಸನ್ನೂ ಮೂಲ ಲಸಿಕೆಯನ್ನೂ ಪಕ್ಕಪಕ್ಕ ಇಟ್ಟು ಹೊಸ ಮರಿಗಳಲ್ಲಿ ಪರೀಕ್ಷಿಸಬೇಕು. ಒಂದು ವರ್ಷ. ಅಷ್ಟರ ಮೇಲೆ, ದಾಖಲೆ ಬರೆದ ನನ್ನ ಮೇಲೆ ವಿಚಾರಣೆ.

“ಇನ್ನು ಮುಂದೆ ನಿಮ್ಮ ಸಹಿಗೆ ಅಧ್ಯಯನ ಕೊಡ್ತಾರೋ ಇಲ್ವೋ, ನಾನು ಹೇಳಲಾರೆ. ಹದಿನೇಳು ವರ್ಷ ಮಾಡಿದೀರ. ಯೋಚನೆ ಮಾಡಿ.”

“ಐದು ಸುತ್ತಿಗೆ ಮೂವತ್ತೆಂಟು ಆದ್ರೆ, ಹೊರಗೆ ಐವತ್ತು ದೊಡ್ಡಿ ಸುತ್ತಿದ ಮೇಲೆ ಎಷ್ಟಾಗುತ್ತೆ ಸಾರ್?”

“ನಿಮಗೆ ಗೊತ್ತಾ?”

“ಇಲ್ಲ.”

“ನನಗೂ ಗೊತ್ತಿಲ್ಲ” ಅಂದರು. “ಕರಡು ಬರೆದು ತನ್ನಿ. ನಾನು ಸಹಿ ಮಾಡ್ತೀನಿ ಅಂತ ಮಾತ್ರ ಅಂದ್ಕೋಬೇಡಿ.”

ನಿಯಮದ ಪ್ರಕಾರ ಅವರ ಸಹಿ ಬೇಕಿಲ್ಲ. ಅಧ್ಯಯನದ ಜವಾಬ್ದಾರಿ ಹೊತ್ತವರು ನೇರವಾಗಿ ಸಮಿತಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಬಹುದು. ಈ ನಿಯಮ ಇದೆ ಎಂದು ಹೊಸಬರಿಗೆ ಪಾಠ ಮಾಡಿದ್ದೇನೆ. ಯಾರೂ ಬಳಸಿದ್ದನ್ನು ನೋಡಿಲ್ಲ.

ಏಪ್ರಿಲ್ 15, ಮಂಗಳವಾರ

ಕರಡು ಹಸಿರು ಹಸಿರಾಗಿ ವಾಪಸು ಬಂತು. ಅಲ್ಪವಿರಾಮ ಸೇರಿಸಿದ್ದಾರೆ, ಒಂದು ಉದ್ದ ವಾಕ್ಯವನ್ನು ಮೂರು ಮಾಡಿದ್ದಾರೆ. ‘ಬಹುಶಃ’ ಎಂಬ ಅರ್ಥದ ಪದವನ್ನು ನಾನು ಏಳು ಸಲ ಬರೆದಿದ್ದೆನಂತೆ. ಆರನ್ನು ಹೊಡೆದುಹಾಕಿದ್ದಾರೆ. “ಹಳೆಯ ಅಕ್ಷರ ಬಹುಶಃ ಹೆಚ್ಚುತ್ತಿದೆ” ಎಂದಿದ್ದೆ, ಪಕ್ಕದಲ್ಲಿ, “ಎಣಿಸಿದ್ದೀರಲ್ಲ. ಮತ್ತೇನು ಬಹುಶಃ?” ಎಂದು ಬರೆದಿದ್ದಾರೆ. ಉಳಿಸಿದ ಒಂದು ‘ಬಹುಶಃ’ ಕೊನೆಯ ಪುಟದಲ್ಲಿದೆ: ಮುನಿಸಿಗೆ ಆ ಅಕ್ಷರವೇ ಕಾರಣ, ಬಹುಶಃ. ಅದು ಇರಬೇಕಾದದ್ದೇ.

ಸಹಿಯ ಜಾಗ ಖಾಲಿ. ಅಡ್ಡಗೆರೆಯನ್ನೂ ಎಳೆದಿಲ್ಲ. ಖಾಲಿ ಜಾಗವನ್ನು ಹಾಗೇ ಬಿಟ್ಟ ಹಸಿರು ಪೆನ್ನನ್ನು ಇದೇ ಮೊದಲು ನೋಡಿದ್ದು.

ಬಕೆಟಕ್ಕನ ಹೇಳಿಕೆಯನ್ನೂ ಜೋಡಿಸಬೇಕು. ಇಂಗ್ಲಿಷಿನಲ್ಲಿ ಬರೆದದ್ದನ್ನು ಸಾಲು ಸಾಲಾಗಿ ಹೇಳಿದೆ. ಮಲಗಲ್ಲ, ನಿಲ್ಲುತ್ತೆ, ಬಾಲ, ಕಿವಿ, ಗೋಡೆ. ತಲೆಯಾಡಿಸುತ್ತಾ ಕೇಳಿ, “ಮುನಿಸು ಅನ್ನೋದು ಎಲ್ಲಿದೆ?” ಅಂದರು.

“ಅದಕ್ಕೆ ಇಂಗ್ಲಿಷಲ್ಲಿ ಸರಿಯಾದ ಪದ ಇಲ್ಲ ಅಕ್ಕ. ‘ವಿತ್‌ಡ್ರಾನ್’ ಅಂತ ಹಾಕಿದೀನಿ.”

“ಅದು ಬ್ಯಾಂಕಲ್ಲಿ ಬರೀತಾರಲ್ಲ?”

ಪದ ಹೊಡೆದು ಮುನಿಸು ಎಂದೇ ಬರೆದೆ, ಇಂಗ್ಲಿಷ್ ಅಕ್ಷರದಲ್ಲಿ, ಕೆಳಗೆ ಅವರು ಕೊಟ್ಟ ಲಕ್ಷಣಗಳು. ಅವರು ತಮ್ಮ ನಿಜವಾದ ಹೆಸರನ್ನು ನಿಧಾನಕ್ಕೆ, ಪೂರ್ತಿಯಾಗಿ ಬರೆದರು. ಇಷ್ಟು ವರ್ಷದಲ್ಲಿ ಆ ಹೆಸರನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಚೆನ್ನಾಗಿದೆ.

“ನಿಮ್ಮ ಕೆಲಸಕ್ಕೆ ಏನೂ ಆಗಲ್ಲ ತಾನೇ?” ಎಂದು ಕೇಳಿದರು.

“ಆಗಬಹುದು.”

“ಆದ್ರೆ ಇಲ್ಲೇ ಬನ್ನಿ. ನನಗೆ ಇನ್ನೊಂದು ಬಕೆಟ್ ಹಿಡಿಯೋರು ಬೇಕು ಅಂತ ಎಷ್ಟು ವರ್ಷದಿಂದ ಅರ್ಜಿ ಕೊಡ್ತಿದೀನಿ.”

ಏಪ್ರಿಲ್ 16, ಬುಧವಾರ

ಅತ್ತೆ ಇವತ್ತು ಸೇಬು ತಿಂದರು, ಸಿಪ್ಪೆ ಸಮೇತ, ಎಲ್ಲರಿಗೂ ಕೇಳಿಸುವಂತೆ.

ಪತ್ರ ಹನ್ನೊಂದು ಪುಟವಾಗಿದೆ. ಮೊದಲ ಪ್ಯಾರಾವನ್ನು ನಾಲ್ಕು ಸಲ ಬರೆದೆ. ಮೊದಲ ಮೂರರಲ್ಲಿ ‘ದಾಖಲಾತಿಯಲ್ಲಿ ಲೋಪ ಕಂಡುಬಂದಿದೆ’ ಎಂದಿತ್ತು, ಲೋಪ ತಾನಾಗಿ ಎಲ್ಲಿಂದಲೋ ನಡೆದು ಬಂದಂತೆ. ಈಗ ಹೀಗಿದೆ: ಮೂರು ಮತ್ತು ನಾಲ್ಕನೇ ಸುತ್ತುಗಳಲ್ಲಿ ಮರಿಗಳ ನಡವಳಿಕೆ ಬದಲಾಗಿದೆಯೆಂದು ಪಾಲಕಿ ನನಗೆ ತಿಳಿಸಿದರು, ಐದನೆಯದರಲ್ಲಿ ನಾನೇ ಕಂಡೆ. ನಾನು ಬರೆಯಲಿಲ್ಲ.

ಇದೇ ಸರಿಯೋ, ಮೂವತ್ತೆಂಟಕ್ಕೆ ಹೆದರಿ ಒಂದು ವರ್ಷದ ಮರಿಗಳನ್ನು ಸಾಯಲು ಬಿಡುತ್ತಿದ್ದೇನೋ ಎಂದು ಮಧ್ಯಾಹ್ನವಿಡೀ ಕೇಳಿಕೊಂಡೆ. ಉತ್ತರ ನನಗೆ ಗೊತ್ತಿಲ್ಲ. ಸಮಿತಿಗೂ ಗೊತ್ತಿಲ್ಲ. ಆದರೆ ಗೊತ್ತಿಲ್ಲ ಎನ್ನುವುದಾದರೂ ಅವರಿಗೆ ಗೊತ್ತಿರಬೇಕಲ್ಲ. ವರದಿ ಈಗಿರುವಂತೆ ಹೋದರೆ ಅವರ ಮೇಜು ಸೇರುವುದು ನನ್ನ ಸೊನ್ನೆಗಳು ಮಾತ್ರ.

ಸಂಜೆ ಹೊರಡುವಾಗ ಹಸಿರು ಪೆನ್ನು ಬಾಗಿಲಲ್ಲಿ ಸಿಕ್ಕರು. ಲಕೋಟೆ ನೋಡಿ, “ವಿಳಾಸದ ಪಿನ್‌ಕೋಡ್ ತಪ್ಪಿದೆ” ಅಂದರು. ನೋಡಿದೆ, ತಪ್ಪಿತ್ತು. ತಮ್ಮ ಪೆನ್ನು ತೆಗೆದುಕೊಟ್ಟರು. ತಿದ್ದಿದೆ. ಪೆನ್ನು ವಾಪಸು ಇಸಿದುಕೊಳ್ಳದೆ ಹೋದರು.

ಅಂಚೆ ಕಚೇರಿ ಮುಚ್ಚಿತ್ತು. ನಾಳೆ ಒಂಬತ್ತಕ್ಕೆ ತೆರೆಯುತ್ತದೆ. ಗುರುವಾರ, ಏಪ್ರಿಲ್ 17.